ಮೀನಖಂಡದೊಳಗಿನ ಎಳೆ

ಕಂಪಾಲಾದ ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ದು ಕಲಿಯುವ ಕೋಣೆಯೊಂದಿತ್ತು. ಎರಿಯ ಮುಸಾಜಿ ಎಂಬವರು ಅಲ್ಲಿ ಇಪ್ಪತ್ತೇಳು ವರ್ಷ ಅಟೆಂಡರ್ ಆಗಿದ್ದರು. ಮಾಂಸದ ಅಂಗಡಿಯವರ ಮಗ. ಓದಿದ್ದು ಏಳನೇ ತರಗತಿಯವರೆಗೆ.

ಮೊದಲ ವರ್ಷ ನಾನೊಂದು ಮೀನಖಂಡ ಬಿಡಿಸುವಾಗ ನಡುವೆ ಸಿಕ್ಕ ಬಿಳಿ ಎಳೆಯನ್ನು ನರವೆಂದು ಹೇಳಿ ಬೈಸಿಕೊಂಡೆ. ಮೇಷ್ಟ್ರು ಅತ್ತ ಹೋದ ಮೇಲೆ ಮುಸಾಜಿ ಆ ಎಳೆಯ ಜಾಡು ಹಿಡಿದು ಮಂಡಿಯ ಹಿಂದಿದ್ದ ಬೆರಳುದ್ದದ ಮಾಂಸವನ್ನು ತೋರಿಸಿದರು.

"ಇದು ಪ್ಲಾಂಟಾರಿಸ್ ಸ್ನಾಯು, ಡಾಕ್ಟ್ರೇ. ನರಕ್ಕೆ ಎಲ್ಲಾದ್ರೂ ಮಾಂಸ ಇರುತ್ತಾ?"

ಮರುದಿನ ಆಡಿನ ಹಿಂಗಾಲೊಂದನ್ನು ತಂದರು. ಅದರಲ್ಲಿ ಅದೇ ಸ್ನಾಯು ದಪ್ಪ. ಅದರ ಹುರಿ ಹಿಮ್ಮಡಿ ದಾಟಿ ಗೊರಸಿನ ಕಡೆಗೆ ಇಳಿದಿತ್ತು. ಎಳೆದರು, ಗೊರಸು ಮಡಚಿತು. ಮನುಷ್ಯನಲ್ಲಿ ಅದು ಹಿಮ್ಮಡಿಗೇ ನಿಂತುಬಿಟ್ಟಿದೆ, ಕೆಲವರಿಗೆ ಇರುವುದೇ ಇಲ್ಲ ಎಂದರು. ಎಷ್ಟು ಜನಕ್ಕೆ ಎಂದು ಕೇಳಿದ್ದಕ್ಕೆ ಒಂದು ನೋಟ್‌ಬುಕ್ ತೆಗೆದರು. ಹತ್ತೊಂಬತ್ತು ವರ್ಷ ಅವರ ಕೈಮೇಲೆ ಹಾದುಹೋದ ಕಾಲುಗಳೆಲ್ಲ ಅದರಲ್ಲಿದ್ದವು: ಎಡಗಾಲಲ್ಲಿದ್ದು ಬಲಗಾಲಲ್ಲಿ ಇಲ್ಲದ್ದು, ಸ್ನಾಯು ಎರಡು ಕವಲಾಗಿ ಹುಟ್ಟಿದ್ದು, ಪ್ರತಿಯೊಂದಕ್ಕೂ ಪೆನ್ಸಿಲ್ ಚಿತ್ರ.

ಹೆಚ್ಚುಗಾರಿಕೆ ತೋರಿಸಲು ಹೋಗಿ ನಾನೇ ಅದರ ವಿಷಯವನ್ನು ಲೆಕ್ಚರರ್ ಕತೆರೆಗ್ಗ ಅವರ ಕಿವಿಗೆ ಹಾಕಿದೆ. ಅವರು ಒಂದು ವಾರಕ್ಕೆಂದು ನೋಟ್‌ಬುಕ್ ಇಸಿದುಕೊಂಡರು. ಕೋಷ್ಟಕಗಳನ್ನು ಟೈಪ್ ಮಾಡಿದ್ದು ನಾನು. ಎರಡು ವರ್ಷಕ್ಕೆ ಲೇಖನ ಅಚ್ಚಾಯಿತು. ಮೊದಲ ಹೆಸರು ಅವರದು, ಎರಡನೆಯದು ನನ್ನದು.

ಮುಸಾಜಿ ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದರು. ತಮ್ಮ ಹೆಸರು ಎಲ್ಲಿದೆ ಎಂದು ಕೇಳಿದರು. ಕೊನೆಯ ಸಾಲಿನಲ್ಲಿ ಕೋಣೆಯ ಸಿಬ್ಬಂದಿಗೆ ವಂದನೆ ಇತ್ತು. ಅದರ ಮೇಲೆ ಬೆರಳಿಟ್ಟೆ.

"ನೆಲ ಒರೆಸೋಳೂ ಸಿಬ್ಬಂದೀನೇ" ಎಂದರು.

ಕತೆರೆಗ್ಗರ ಬಳಿಗೂ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ನೋಡಿ ಮುಸಾಜಿ, ಎಣಿಸಿದ್ದು ನೀವು, ಸರಿ. ಅದರ ಅರ್ಥ ಏನಂತ ಬರೆದಿದ್ದು ನಾವು."

ನೋಟ್‌ಬುಕ್ ಆದರೂ ಕೊಡಿ ಎಂದಾಗ, ಆಫೀಸು ಬದಲಾಯಿಸುವಾಗ ಎಲ್ಲೋ ಹೋಯಿತು ಎಂದರು. ಅದು ಅವರ ಕಪಾಟಿನಲ್ಲಿದ್ದದ್ದನ್ನು ಹಿಂದಿನ ದಿನವಷ್ಟೇ ನಾನು ನೋಡಿದ್ದೆ. ಮುಸಾಜಿ ಹೊರಗೆ ಹೋಗಲೆಂದು ಬಾಗಿಲಿನಿಂದ ಪಕ್ಕಕ್ಕೆ ಸರಿದೆ.

ಆಮೇಲೆ ಮುಸಾಜಿ ಯಾವ ವಿದ್ಯಾರ್ಥಿಯ ಮೇಜಿನ ಹತ್ತಿರವೂ ಹೋಗಲಿಲ್ಲ. ಏನಾದರೂ ಕೇಳಿದರೆ ಪುಸ್ತಕ ನೋಡಿಕೊಳ್ಳಿ ಎನ್ನುತ್ತಿದ್ದರು. ನಿವೃತ್ತಿಯಾಗಿ ಮಸಾಕಾ ಕಡೆಯ ತಮ್ಮ ಊರಿಗೆ ಹೋದರು.

ಕೆಲವು ವರ್ಷದ ನಂತರ ಕಾಲೇಜಿಗೆ ಹೆಣಗಳ ಕೊರತೆಯಾಯಿತು. ಅಷ್ಟರಲ್ಲಿ ಕತೆರೆಗ್ಗ ವಿಭಾಗದ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಲೆಕ್ಚರರ್. ಮುಸಾಜಿಯಂಥವರು ದೇಹದಾನಕ್ಕೆ ಸಹಿ ಹಾಕಿದರೆ ಊರವರಿಗೂ ಧೈರ್ಯ ಬರುತ್ತದೆಂದು ನನ್ನ ಕೈಯಲ್ಲಿ ಫಾರಂ ಕೊಟ್ಟು ಕಳಿಸಿದರು. ಮುಸಾಜಿ ಅದನ್ನು ಪೂರ್ತಿ ಓದಿದರು.

"ಇಲ್ಲಿ ನನ್ನ ಹೆಸರಿಗೆ ಎಷ್ಟು ಉದ್ದ ಜಾಗ ಬಿಟ್ಟಿದೀರಿ" ಎಂದು ಹಾಗೇ ಮಡಚಿ ವಾಪಸು ಕೊಟ್ಟರು.

ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಅಲ್ಲಿನ ರೂಢಿಯಂತೆ ಮರದ ತೊಗಟೆ ಬಡಿದು ಮಾಡಿದ ಬಟ್ಟೆ ಸುತ್ತಿ ಬಾಳೆತೋಟದಲ್ಲಿ ಮಣ್ಣು ಮಾಡಿದರು. ಕಾಲೇಜಿನಿಂದ ಹೋದವನು ನಾನೊಬ್ಬನೇ. ಒಂದು ಹಿಡಿ ಮಣ್ಣು ಹಾಕಲು ನಾನು ಮುಂದೆ ಹೋದಾಗ ಮುಸಾಜಿಯವರ ಹೆಂಡತಿ ಅಡ್ಡ ನಿಂತರು.

"ನೀವು ದೂರದಿಂದ ಬಂದಿದೀರಿ, ಕೂತ್ಕೊಳ್ಳಿ" ಎಂದು ತೋಟದ ಅಂಚಿನಲ್ಲಿದ್ದ ಸ್ಟೂಲು ತೋರಿಸಿದರು. ನಾನು ಹೋಗಿ ಕೂತೆ.