ಹಿಂದೆ ಐದು ಗಾಡಿ

ಆ ಮಂಗಳವಾರವೂ ಎರ್ಮೆಲಿಂಡ ಹುಲ್ಲಿನ ಗಾಡಿಯ ತುದಿಯಲ್ಲಿ, ಪೆಂಡಿಗಳಿಗೆ ಬೆನ್ನು ಕೊಟ್ಟು, ಹಿಂದಿನ ರಸ್ತೆಗೆ ಮುಖ ಮಾಡಿ ಕೂತಿದ್ದಳು. ಗಾಡಿ ಎಳೆಯುವ ಟ್ರ್ಯಾಕ್ಟರಿನ ಮೇಲೆ ಅವಳ ಗಂಡ ಬೆಲ್ಮಿರೊ. ಕೆಳಗಿನ ಕೊಟ್ಟಿಗೆಯಿಂದ ಮೇಲಿನ ಹುಲ್ಲುಗಾವಲಿಗೆ ಆರು ಮೈಲಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ಬರುವ ಒಂದು ಗಾಡಿ, ಹೋಗುವ ಒಂದು ಗಾಡಿ, ಅಷ್ಟೇ ಅಗಲ ರಸ್ತೆ. ಪೆಂಡಿಗಳ ರಾಶಿ ಬೆಲ್ಮಿರೊನ ಕನ್ನಡಿಗೆ ಅಡ್ಡ. ಅದಕ್ಕೇ ಹಿಂದೆ ಬರುವ ಗಾಡಿ ಎಣಿಸುವುದು ಅವಳ ಕೆಲಸ. ಐದಾದ ಕೂಡಲೇ ಹಗ್ಗ ಜಗ್ಗುವಳು. ಅವನ ಸೀಟಿಗೆ ಕಟ್ಟಿದ ಹಸುವಿನ ಗಂಟೆ ಬಡಿದುಕೊಳ್ಳುವುದು. ರಸ್ತೆ ಅಗಲವಾದ ಮುಂದಿನ ಜಾಗದಲ್ಲಿ ಅವನು ಪಕ್ಕಕ್ಕೆ ಸರಿದು ಎಲ್ಲರನ್ನೂ ಬಿಡುವನು.

ಹಿಂದೆ ಐದು ಗಾಡಿ ಕೂಡಿದರೆ ನಿಧಾನದ ಗಾಡಿ ಸರಿದು ದಾರಿ ಬಿಡಬೇಕು. ಅದು ಕ್ಯಾಲಿಫೋರ್ನಿಯಾದ ಕಾನೂನು. ಪೋರ್ಚುಗಲ್ಲಿನ ಅಸೋರ್ಸ್ ದ್ವೀಪಗಳಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದು, ಕಂಡವರ ಹಸು ಕರೆದು, ಆಮೇಲೆ ಸ್ವಂತಕ್ಕೆ ನಲವತ್ತು ಹಸು ಕಟ್ಟಿದ ಬೆಲ್ಮಿರೊ ಪೂರ್ತಿ ಓದಿದ್ದು ಒಂದೇ ಪುಸ್ತಕ, ಲೈಸೆನ್ಸ್ ಪರೀಕ್ಷೆಯದು. ನಿಘಂಟು ಮಗ್ಗುಲಲ್ಲಿಟ್ಟುಕೊಂಡು ನಾಲ್ಕು ತಿಂಗಳು ಓದಿದ್ದ. ಚರ್ಚಿನ ಪ್ರಾರ್ಥನೆ ಅರ್ಧ ಮರೆತಿದ್ದ, ಅದನ್ನು ಮರೆತಿರಲಿಲ್ಲ. ಮೂವತ್ತೊಂದು ವರ್ಷ ಆ ರಸ್ತೆ ಸವೆಸಿದ್ದ. ಒಂದು ಸಲವೂ ಪೊಲೀಸರ ದಂಡದ ಚೀಟಿ ಪಡೆದವನಲ್ಲ.

ಸರಿದು ನಿಂತಾಗ ದಾಟುವ ಪ್ರತಿ ಗಾಡಿಗೂ ಟೋಪಿ ಎತ್ತುವ ಚಟ ಅವನಿಗೆ. ಅವರೋ ನಡುಬೆರಳು ತೋರಿಸಿ ಹೋಗುವರು. ತಿಮಿಂಗಿಲ ನೋಡಲು ಬಂದ ಪಟ್ಟಣದ ಜನ. ಹತ್ತು ನಿಮಿಷ ತಡವಾದರೆ ತಿಮಿಂಗಿಲ ಗಂಟುಮೂಟೆ ಕಟ್ಟುತ್ತದೆಯೇ? ಬೆಳಗ್ಗೆ ಕಾಫಿಗೆ ಹಾಲು ಮಾತ್ರ ಬೇಕು. ಹಾಲು ಕೊಡುವ ಹಸು ಹುಲ್ಲು ತಿನ್ನುತ್ತದೆ, ಹುಲ್ಲು ಗಾಡಿಯ ಮೇಲೆ ಬರುತ್ತದೆ ಎನ್ನುವಷ್ಟು ಬುದ್ಧಿ ಆ ತಲೆಗಳಲ್ಲಿ ಇರಲಿಲ್ಲ.

“ಅಂಥೋರಿಗೆಲ್ಲ ಟೋಪಿ ಯಾಕೆ ಎತ್ತುತೀಯ?” ಎಂದು ಅಂದೂ ಕೇಳಿದಳು.

“ತಲೆಗೆ ಗಾಳಿ ಆಡ್ಲಿ ಅಂತ ಕಣೇ. ಅವರಿಗಲ್ಲ.”

ಹುಲ್ಲುಗಾವಲಿನ ಬೇಲಿಯ ಹತ್ತಿರ ಹೆದ್ದಾರಿ ಪೊಲೀಸಿನವನು ತಡೆದ. ಹೊಸಬ. ಎದೆಯ ಮೇಲೆ ಹ್ಯಾಲ್ವರ್ಸನ್ ಎಂದು ಹೆಸರು, ಇಸ್ತ್ರಿಯ ಗೆರೆ ಹೆಸರಿಗಿಂತ ಚೂಪು. ಹುಲ್ಲಿನ ಗಾಡಿಯ ಮೇಲೆ ಮನುಷ್ಯರು ಕೂರುವ ಹಾಗಿಲ್ಲ, ಇನ್ನೊಮ್ಮೆ ಕಂಡರೆ ಚೀಟಿ ಬರೆಯುತ್ತೇನೆ ಎಂದ. ಅವಳು ಯಾಕೆ ಕೂತಿದ್ದಾಳೆಂದು ಬೆಲ್ಮಿರೊ ಬಿಡಿಸಿ ಹೇಳಿದ. ಎಣಿಸುವುದಕ್ಕೆ ಕನ್ನಡಿ ಇದೆಯಲ್ಲ ಎಂದ ಆ ಜಾಣ. ಬೆಲ್ಮಿರೊ ಅವನಿಗೂ ಟೋಪಿ ಎತ್ತಿ, ಹೆಂಡತಿಯನ್ನು ಇಳಿಸಿದ. ಕಾನೂನು ಕಾನೂನೇ. ಅವಳು ನಡೆದೇ ಮನೆ ಸೇರಿದಳು. ಸಂಜೆ ಇಬ್ಬರೂ ಸೊಪ್ಪಿನ ಸೂಪು ಉಂಡರು.

ಬುಧವಾರ ಅವನೊಬ್ಬನೇ ಹೋದ. ತಿರುವುಗಳಲ್ಲಿ ಕನ್ನಡಿಯಲ್ಲಿ ಒಂದು ಗಾಡಿ ಕಂಡಿರಬೇಕು, ಎರಡು ಕಂಡಿರಬೇಕು. ಹಿಂದೆ ಒಂಬತ್ತು ಇದ್ದವು. ನಾಲ್ಕನೆಯದು ಕೆಂಪು ಕಾರು. ಅದರವನಿಗೆ ತಡೆಯಲಾಗಲಿಲ್ಲ. ತಿರುವಿನಲ್ಲೇ ಮುನ್ನುಗ್ಗಿದ. ಎದುರಿಗೆ ಲಾರಿ. ಕಾರಿಗೆ ಜಾಗ ಮಾಡಿಕೊಡಲು ಬೆಲ್ಮಿರೊ ಸಮುದ್ರದ ಕಡೆಯ ಅಂಚಿಗೆ ಸರಿದ, ಅಂಚು ಕುಸಿಯಿತು. ಕೆಂಪು ಕಾರಿಗೆ ಒಂದು ಗೀರೂ ಬೀಳಲಿಲ್ಲ.

ಹ್ಯಾಲ್ವರ್ಸನ್ ಬರೆದ ವರದಿಯಲ್ಲಿ ಹೀಗಿತ್ತು: ಹಿಂದೆ ಒಂಬತ್ತು ವಾಹನ, ಚಾಲಕ ದಾರಿ ಬಿಡಲಿಲ್ಲ. ಪೋರ್ಚುಗೀಸರ ಸಭಾಭವನದಲ್ಲಿ ಅದೇ ಮಾತಾಯಿತು. ಬೆಲ್ಮಿರೊ ಹಟಮಾರಿ, ರಸ್ತೆ ಕಟ್ಟಿ ಸತ್ತ ಎಂದರು. ಅವನ ಕೈಯಿಂದ ಸಾವಿರ ಸಲ ದಾರಿ ಬಿಡಿಸಿಕೊಂಡವರೇ ಅಂದರು. ಅವನ ಸ್ವಂತ ತಮ್ಮ ಗ್ವಾಲ್ಟರ್ ಕೂಡ ಬಾಯಿಗೆ ಸಿಹಿ ಬ್ರೆಡ್ಡು ತುಂಬಿಕೊಂಡು ತಲೆಯಾಡಿಸಿದ. ಸಾವನ್ನು ಎರ್ಮೆಲಿಂಡ ಹೇಗೋ ನುಂಗಿಕೊಂಡಳು. ‘ದಾರಿ ಬಿಡಲಿಲ್ಲ’ ಎನ್ನುವುದು ಗಂಟಲಲ್ಲಿ ಇಳಿಯಲಿಲ್ಲ. ಅದನ್ನು ಅಳಿಸಬೇಕು. ಮಣ್ಣಿನಡಿ ಮಲಗಿದವನಿಗೆ ಅವಳು ಕೊಡಬಹುದಾದದ್ದು ಅದೊಂದೇ.

ಗ್ವಾಲ್ಟರನ ಟ್ರ್ಯಾಕ್ಟರಿಗೆ ಹುಲ್ಲು ಹೇರಿದ ಗಾಡಿ ಕಟ್ಟಿ, ಪೊಲೀಸ್ ಕಚೇರಿಯ ಬಾಗಿಲಿಗೇ ಒಯ್ದು ನಿಲ್ಲಿಸಿದಳು. ಹಿಂದೆ ಕಾರುಗಳು ಸಿಕ್ಕಿಬಿದ್ದು ಕಿರುಚತೊಡಗಿದವು. ಹ್ಯಾಲ್ವರ್ಸನ್ ಓಡಿ ಬಂದ, ತೆಗೆಯಿರಿ ಎಂದ.

“ತೆಗೀತೀನಪ್ಪಾ. ಮೊದ್ಲು ನೀನು ಹತ್ತಿ ಕೂತ್ಕೋ.”

ಗದ್ದಲ ನಿಂತರೆ ಸಾಕೆಂದು ಅವನು ಟ್ರ್ಯಾಕ್ಟರಿನ ಸೀಟಿಗೆ ಹತ್ತಿ ಕೂತ.

“ಹಿಂದೆ ಎಷ್ಟು ಗಾಡಿ ಇದೆ, ಕನ್ನಡಿ ನೋಡಿ ಹೇಳು.”

“ಹುಲ್ಲು ಕಾಣ್ತಿದೆ, ಮೇಡಂ.”

“ಹುಲ್ಲನ್ನ ಕೇಳ್ಲಿಲ್ಲ ನಾನು.”

ಅವನು ಆ ಕನ್ನಡಿ ನೋಡಿದ, ಈ ಕನ್ನಡಿ ನೋಡಿದ, ಕತ್ತು ಚಾಚಿದ. “ಮೂರು ಇರ್ಬಹುದು.”

“ಇಳ್ದು ಎಣಿಸ್ಕೊಂಡು ಬಾ.”

ಎಂಟಿದ್ದವು. ಎರಡು ಅವನ ಇಲಾಖೆಯವೇ. ಹಿಂದಿರುಗಿ ಬಂದವನ ಕಿವಿ ಕೆಂಪಾಗಿತ್ತು.

“ನಂಗೆ ಕಾಣ್ತಿತ್ತು,” ಎಂದಳು ಅವಳು. “ನನ್ನ ಇಳಿಸಿದ್ದು ಯಾರು ಅನ್ನೋದನ್ನೂ ಬರಿ.”

ಅವನು ಕಚೇರಿಯೊಳಗೆ ಹೋದ. ವರದಿಗೆ ಒಂದು ಸಾಲು ಸೇರಿಸಿದ: ಹಿಂದಿನ ವಾಹನಗಳು ಚಾಲಕನಿಗೆ ಕಾಣುತ್ತಿರಲಿಲ್ಲ. ಇಳಿಸಿದವನೆಂದು ತನ್ನ ಹೆಸರು ಹಾಕಲಿಲ್ಲ. ಅದಕ್ಕೆ ವರದಿಯ ನಮೂನೆಯಲ್ಲಿ ಜಾಗ ಇಲ್ಲವಂತೆ. ಹಳೆಯ ಸಾಲನ್ನು ಹೊಡೆದುಹಾಕುವ ಅಧಿಕಾರವೂ ಇಲ್ಲವಂತೆ. ಹೆಂಗಸನ್ನು ಗಾಡಿಯಿಂದ ಇಳಿಸುವ ಅಧಿಕಾರ ಮಾತ್ರ ಧಾರಾಳವಾಗಿತ್ತು.

ಆ ಕಾಗದವನ್ನು ಅವಳು ಸಭಾಭವನದ ಹಲಗೆಗೆ ಚುಚ್ಚಿದಳು. ಗಂಡಸರು ಹತ್ತಿರ ಬಂದು ಪಕ್ಕದಲ್ಲಿದ್ದ ಇಸ್ಪೀಟು ಪಂದ್ಯದ ದಿನ ನೋಡಿಕೊಂಡು ಹೋದರು. ಮುಗಿದುಹೋದದ್ದು, ಬಿಡು ಅತ್ತಿಗೆ ಎಂದ ಗ್ವಾಲ್ಟರ್. ಅವನೊಂದಿಗೆ ಅವಳು ಅಂದಿನಿಂದ ಮಾತಾಡಿಲ್ಲ. ಟ್ರ್ಯಾಕ್ಟರನ್ನೂ ಹಿಂದಿರುಗಿಸಿಲ್ಲ.

ಹಸುಗಳಿಗೆ ಇದೊಂದೂ ಗೊತ್ತಿಲ್ಲ, ಹಸಿವು ಗೊತ್ತು. ಬೆಳಗಾದರೆ ಪೆಂಡಿ ಹೇರಿಕೊಂಡು ಅವಳೇ ಹೊರಡುತ್ತಾಳೆ. ಆರು ಮೈಲಿಯಲ್ಲಿ ರಸ್ತೆ ಅಗಲವಾಗುವುದು ಏಳು ಕಡೆ. ಹಿಂದೆ ಯಾರಾದರೂ ಇರಲಿ, ಬಿಡಲಿ, ಏಳು ಕಡೆಯೂ ಸರಿದು ನಿಲ್ಲುತ್ತಾಳೆ. ಇಂಜಿನ್ ಆರಿಸಿ, ಸಮುದ್ರದ ಕಡೆ ಮುಖ ಮಾಡಿ, ದಾಟುವವರು ದಾಟಲಿ ಎಂದು ಕೂತಿರುತ್ತಾಳೆ. ಎಷ್ಟೋ ದಿನ ಒಂದು ಗಾಡಿಯೂ ದಾಟುವುದಿಲ್ಲ.