ಬದುವಿನ ಮೇಲೆ ನಡೆದವರು

ಕೋವಿಡ್ ಲಾಕ್‌ಡೌನ್ ಮುಗಿದ ಮರುವರ್ಷ ನಾನು ಬೆಂಗಳೂರು ದಕ್ಷಿಣದಲ್ಲಿ ತೋಟಗಾರಿಕೆ ಅಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ಉಳಿದ ದಿನಗಳನ್ನು ಗಲಾಟೆಯಿಲ್ಲದೆ ಕಳೆಯೋಣ ಅಂದುಕೊಂಡಿದ್ದವನ ತಲೆಗೆ ಬಂದು ಸುತ್ತಿಕೊಂಡದ್ದು ಉತ್ತರಹಳ್ಳಿಯಾಚೆಯ ಒಂದು ಸೊಪ್ಪಿನ ತೋಟ.

ಕೆರೆ ಏರಿಯ ಕೆಳಗಿನ ನಾಲ್ಕು ಎಕರೆ ಅದು. ದಾಖಲೆಯಲ್ಲಿ ಸರ್ಕಾರದ್ದು, ಅಪ್ಪನ ಕಾಲದಿಂದಲೂ ಗೇಯುತ್ತಿದ್ದವನು ಮುನಿಯಪ್ಪ. ದಂಟು, ಸಬ್ಬಸಿಗೆ, ಪಾಲಕ್, ಕೊತ್ತಂಬರಿ ಬೆಳೆಯುತ್ತಿದ್ದ. ಸುತ್ತ ಮೂರು ಕಡೆಯೂ ಅಪಾರ್ಟ್‌ಮೆಂಟುಗಳು. ಅಲ್ಲಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟುತ್ತೇವೆಂದು ಒಬ್ಬ ಬಿಲ್ಡರ್ ಅರ್ಜಿ ಹಾಕಿದ್ದ. ಜಮೀನು ಯಾವುದಕ್ಕೆ ಯೋಗ್ಯ ಎಂದು ವರದಿ ಕೊಡುವುದು ನನ್ನ ಕೆಲಸವಾಗಿತ್ತು.

ಮೊದಲ ಭೇಟಿಯಲ್ಲೇ ಕಣ್ಣಿಗೆ ಬಿದ್ದದ್ದು ತೋಟದ ಬದು. ಸಾಮಾನ್ಯವಾಗಿ ಬದು ಎಂದರೆ ಮಡಿಗಳ ನಡುವೆ ಕಾಲಿಡುವಷ್ಟು ಮಣ್ಣಿನ ಏಣು. ಇಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವಿತ್ತು, ಕೆಮ್ಮಣ್ಣು ಹಾಕಿ ದಿಮ್ಮಿಸಿ ಗಟ್ಟಿ ಮಾಡಲಾಗಿತ್ತು. ಪಾರ್ಕುಗಳೆಲ್ಲ ಮುಚ್ಚಿದ್ದಾಗ ಅಪಾರ್ಟ್‌ಮೆಂಟಿನವರು ಇಲ್ಲಿಗೆ ವಾಕಿಂಗ್ ಬರುತ್ತಿದ್ದರಂತೆ. ಒಬ್ಬ ಅಜ್ಜಿ ಜಾರಿ ಬಿದ್ದ ಮೇಲೆ ಮುನಿಯಪ್ಪ ಒಂದು ಸಾಲು ದಂಟು ಕಿತ್ತು ದಾರಿ ಮಾಡಿಕೊಟ್ಟಿದ್ದ.

“ಅಲ್ಲಯ್ಯಾ, ಬೆಳೆ ಕಿತ್ತು ದಾರಿ ಮಾಡ್ತಾರಾ ಯಾರಾದ್ರೂ?” ಎಂದು ರೇಗಿದೆ.

“ವಯಸ್ಸಾದೋರು ಸಾರ್. ಬಿದ್ರೆ ನಮ್ಗೇ ಪಾಪ ಸುತ್ಕೊಳಲ್ವಾ? ನಡೀಲಿ ಬಿಡಿ, ನೆಲ ಏನ್ ಸವೆದೋಗುತ್ತಾ?”

ನಿವಾಸಿಗಳ ಸಂಘದ ಕಾರ್ಯದರ್ಶಿ ಸುಧಾ ಮೇಡಂ, ಬ್ಯಾಂಕಿನಿಂದ ನಿವೃತ್ತರಾದವರು, ಬಿಲ್ಡರ್ ವಿರುದ್ಧ ಮನೆಮನೆ ಸುತ್ತಿ ಸಹಿ ಮಾಡಿಸಿದರು. ಬೇಸಾಯವೂ ಇರಲಿ, ಜನರ ನಡಿಗೆಯೂ ಇರಲಿ ಎಂದು ನಾನೂ ಮನಸ್ಸಿಟ್ಟು ವರದಿ ಬರೆದೆ. ಬಿಲ್ಡರ್ ಹಿಂದೆ ಸರಿದ. ಆ ದಿನ ನಾನು ಬೇಡ ಬೇಡವೆಂದರೂ ಮುನಿಯಪ್ಪ ಜೀಪಿನ ತುಂಬ ಸೊಪ್ಪು ತುಂಬಿಸಿದ. ನಾನಂತೂ ಗೆದ್ದೆನೆಂದೇ ಭಾವಿಸಿದೆ.

ಜಮೀನಿನ ಅಂತಿಮ ಆದೇಶಕ್ಕೆ ಮುಂಚೆ ಹಿರಿಯ ಅಧಿಕಾರಿಯೊಬ್ಬರು ಸ್ಥಳ ನೋಡಲು ಬಂದರು. ಸುಧಾ ಮೇಡಂ, ಮುನಿಯಪ್ಪ ಇಬ್ಬರೂ ಅಲ್ಲಿದ್ದರು. ಹಿಂದಿನ ದಿನವಷ್ಟೇ ಮಡಿಗಳಿಗೆ ಕೊಟ್ಟಿಗೆ ಗೊಬ್ಬರ ಬಿದ್ದಿತ್ತು. ಅವರು ಕರ್ಚೀಫು ಮೂಗಿಗೊತ್ತಿಕೊಂಡು ಅದೇ ಬದುವಿನ ಮೇಲೆ ನಿಂತರು.

“ಇದೇನ್ರೀ, ವಾಕಿಂಗ್ ಟ್ರ್ಯಾಕ್ ಆಗ್ಲೇ ರೆಡಿ ಇದೆಯಲ್ಲ! ಪಾರ್ಕ್ ಅಂತ್ಲೇ ಮಾಡ್ಬಿಡೋಣ.”

“ಸಾರ್, ಪಾರ್ಕ್ ಅಂದ್ರೆ ಸಾಗುವಳಿ ನಿಲ್ಲಿಸ್ಬೇಕು. ಈ ದಾರಿ ಮಾಡಿಕೊಟ್ಟಿದ್ದೇ ಇವ್ನು,” ಎಂದೆ.

ಅವರು ಸುಧಾ ಮೇಡಂ ಕಡೆ ತಿರುಗಿದರು. ಈಕೆ ಮುನಿಯಪ್ಪನ ಪರ ನಿಲ್ಲುತ್ತಾರೆ ಎಂಬ ಧೈರ್ಯ ನನಗಿತ್ತು.

“ಮುನಿಯಪ್ಪ ಒಳ್ಳೇವ್ರೇ ಸಾರ್. ಆದ್ರೆ ಈ ವಾಸ್ನೆ, ಸೊಳ್ಳೆ... ಪಾರ್ಕ್ ಆದ್ರೆ ಎಲ್ರಿಗೂ ಅನುಕೂಲ.”

ಮುನಿಯಪ್ಪ ಗುದ್ದಲಿ ಕೆಳಗಿಟ್ಟ. “ಮೇಡಂ, ನೀವು ಜಾರ್ತೀರಾ ಅಂತ ತಾನೇ ನಾನ್ ಅಗಲ ಮಾಡಿದ್ದು?” ಅಧಿಕಾರಿ ಫೈಲಿನಲ್ಲಿ ಪಾರ್ಕ್ ಎಂದು ಬರೆದುಕೊಂಡರು.

ನಾನು ಆಕ್ಷೇಪಣೆ ಬರೆದೆ. ತಿರಸ್ಕೃತವಾಗಿ ಬಂತು. ಮತ್ತೆ ಬರೆದೆ. ಅದಕ್ಕೆ ಉತ್ತರ ಬರುವ ಮೊದಲೇ ನಾನು ನಿವೃತ್ತನಾದೆ.

ಕಳೆದ ಮಳೆಗಾಲದಲ್ಲಿ ಆ ಕಡೆ ಹೋಗಿದ್ದೆ. ಗೇಟು, ಸಿಮೆಂಟ್ ಹಾಸು, ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಬೋರ್ಡು. ವಾಕಿಂಗ್ ಮಾಡುತ್ತಿದ್ದ ಸುಧಾ ಮೇಡಂ ಗುರುತು ಹಿಡಿದು, “ನಿಮ್ಮಿಂದ ಈ ಜಾಗ ಉಳೀತು ಸಾರ್,” ಎಂದರು.

ಲಾನಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದವನು ಮುನಿಯಪ್ಪ. ಮೈಮೇಲೆ ಕಂಟ್ರಾಕ್ಟರ್ ಕೊಟ್ಟ ನೀಲಿ ಅಂಗಿ. ಪಕ್ಕದ ರಾಶಿ ನೋಡಿದೆ. ದಂಟಿನ ಸೊಪ್ಪು.

“ಬೀಜ ನೆಲದಲ್ಲೇ ಉಳ್ಕೊಂಡೈತೆ ಸಾರ್. ಮಳೆ ಬಿದ್ರೆ ಎದ್ದು ಬತ್ತದೆ. ಕೀಳು ಅಂತಾರೆ, ಕೀಳ್ತೀನಿ.”

ಸರ್ವಿಸ್ ಪೂರ್ತಿ ಜಮೀನು ಉಳಿಸುವುದನ್ನೇ ದೊಡ್ಡದೆಂದು ತಿಳಿದಿದ್ದೆ. ಉಳಿಸುವಾಗ ಅದರಲ್ಲಿ ಗೇಯುವವನ ಹೆಸರನ್ನೂ ಆದೇಶಕ್ಕೆ ಸೇರಿಸಬೇಕು ಎಂಬುದನ್ನು ಆ ಕೆಲಸ ಕೊನೆಯಲ್ಲಿ ಕಲಿಸಿತು. ಅಷ್ಟು ಹೊತ್ತಿಗೆ ನನ್ನ ಸಹಿಗೆ ಬೆಲೆಯಿರಲಿಲ್ಲ.

ಹೊರಡುವಾಗ ಅವನು ಒಂದು ಹಿಡಿ ದಂಟು ಬೇರಿನ ಮಣ್ಣು ಕೊಡವಿ ಕೈಗಿಟ್ಟ. “ಎಳೇದಾಗೈತೆ, ತಗೊಂಡೋಗಿ ಸಾರ್. ಇಲ್ಲಿದ್ರೆ ಕಸದ ಗಾಡಿಗೆ ಹಾಕ್ತಾರೆ.”

ಮನೆಯಲ್ಲಿ ಬಸ್ಸಾರು ಮಾಡಿದರು. ನಾನು ಬರೀ ಮಜ್ಜಿಗೆ ಅನ್ನ ಉಂಡು ಎದ್ದೆ.