ಹಸಿರು ದೀಪದ ತಲೆನೋವು

ನನಗೆ ಅರ್ಧ ತಲೆ ನೋಯುತ್ತದೆ. ಅದನ್ನು ಮನೆಯವರಿಗೆ ನಂಬಿಸುವುದು ಹೇಗೆಂದು ಉಳಿದರ್ಧ ಯೋಚಿಸುತ್ತದೆ. ಜ್ವರಕ್ಕೆ ಥರ್ಮಾಮೀಟರಿದೆ, ಮುರಿದ ಕಾಲಿಗೆ ಎಕ್ಸ್‌-ರೇ ಇದೆ. ಮೈಗ್ರೇನಿಗೆ ಸಾಕ್ಷಿ ನಾನೊಬ್ಬಳೇ. ಅದೂ ನೆಂಟರು ಬರುವ ದಿನವೇ ಹಾಸಿಗೆ ಹಿಡಿಯುವ ಸಾಕ್ಷಿ.

"ಹಿಂದಿನ ದಿನ ಏನಾಗಿತ್ತು?" ಎಂದು ಶಿರಸಿಯ ಡಾಕ್ಟರು ಕೇಳಿದಾಗಲೆಲ್ಲ ನಾನು ಹೊಸ ಕಾರಣ ಕೊಟ್ಟಿದ್ದೇನೆ. ಬಿಸಿಲು, ಹಲಸಿನ ಹಪ್ಪಳ, ನಾದಿನಿಯ ಫೋನು. ಸುಳ್ಳಲ್ಲ. ನೆನಪು ಚುರುಕು ಅಂಗಡಿಯವನ ಹಾಗೆ, ಕೇಳಿದ್ದು ಇಲ್ಲದಿದ್ದರೆ ಇದ್ದದ್ದನ್ನೇ ಕಟ್ಟಿಕೊಡುತ್ತದೆ.

ಕೊನೆಗೆ ನನ್ನವರು ಒಂದು ಕೈಗಡಿಯಾರ ತರಿಸಿದರು. ನಾಡಿ, ಬೆವರು, ನಿದ್ದೆ ನೋಡಿ ಅದು ನೋವಿನ ಮುನ್ಸೂಚನೆ ಕೊಡುತ್ತದಂತೆ. ಅದರ ದೀಪ ಕೆಂಪಾದರೆ ನೋವು ಬರುತ್ತದೆ, ಹಸಿರಾದರೆ ಇಲ್ಲ. ಅತ್ತೆಗೆ ಅದು ಕೂಡಲೇ ಒಗ್ಗಿತು. ಪಂಚಾಂಗವೂ ಹೀಗೇ ತಾನೆ, ಬರಲಿರುವುದನ್ನು ಹೇಳುತ್ತದೆ. ಬಾರದಿದ್ದರೆ ಕ್ಷಮೆ ಕೇಳುವುದಿಲ್ಲ. ಬೆಳಿಗ್ಗೆ ಎದ್ದವರೇ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು: "ತಂಗೀ, ಇವತ್ತು ಎಂತ ಹೇಳ್ತು?" ಕೆಂಪಾದ ದಿನ ಮನೆಯಲ್ಲಿ ಮಿಕ್ಸಿ ತಿರುಗದು. ನೋವಿಲ್ಲದೆಯೂ ಆ ರಾಜಮರ್ಯಾದೆಯನ್ನು ನಾನು ಅನುಭವಿಸಿದ್ದುಂಟು. ಹಸಿರಿನ ದಿನ ನೋವು ಬಂದರೆ ಮಾತ್ರ ಅದು ನನ್ನ ಸ್ವಂತ ಖರ್ಚು.

ಒಮ್ಮೆ ತಿಂಗಳಿಡೀ ಹಸಿರು. ನಡುವೆ ನಾನು ಕತ್ತಲೆ ಕೋಣೆ ಸೇರಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಹರಕೆ ಫಲಿಸಿತು ಎಂದರು ಅತ್ತೆ. ಸೊಸೆಯ ತಲೆನೋವು ಹೋದರೆ ಚಂದಗುಳಿಯ ಗಣಪನಿಗೆ ಗಂಟೆ ಕಟ್ಟುವ ಹರಕೆ! ಕಟ್ಟಿದ ಗಂಟೆಗಳೇ ಸಾಲುಸಾಲಾಗಿ ತೂಗುವ ಜಾಗಕ್ಕೆ, ಇನ್ನೊಂದು ಗಂಟೆ ಹಿಡಿದು ತಲೆನೋವಿನವಳ ಮೆರವಣಿಗೆ.

ಕೈಗೆಟಕಿದ ಗಂಟೆಯನ್ನು ಬಾರಿಸದೆ ಅಲ್ಲಿ ಯಾರೂ ಮುಂದೆ ಹೋಗರು. ನಮ್ಮ ಗಂಟೆ ಕಟ್ಟುವ ಹೊತ್ತಿಗೆ ನನ್ನ ಎಡಗಣ್ಣಿನೊಳಗೂ ಒಂದು ತೂಗುತ್ತಿತ್ತು. ಅಂಗಳದ ಕಂಬಕ್ಕೊರಗಿ ಕುಳಿತೆ.

"ಶುರುವಾತು" ಎಂದೆ.

ನನ್ನವರು ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದರು. "ಹಸಿರೇ ಇದ್ದಲೇ! ನಿಂಗೆ ತಲೆನೋವು ಬಪ್ಪಲೆ ಸಾಧ್ಯವೇ ಇಲ್ಲೆ."

"ದೇವರ ಎದುರಿಗೆ ಹಂಗೆ ಹೇಳಡ, ತಂಗೀ" ಎಂದರು ಅತ್ತೆ.

ನಾನು ಗಡಿಯಾರ ಬಿಚ್ಚಿ ಅವರ ಮಗನ ಕೈಗಿಟ್ಟೆ. "ಕೆಟ್ಟಿದ್ದೋ ಎಂತೋ, ಆನೇ ಕಟ್ಕಂಡು ನೋಡ್ತೆ" ಎಂದು ನನ್ನವರು ಕಟ್ಟಿಕೊಂಡರು. ಬಾಯಲ್ಲಿ ಆಗಷ್ಟೇ ಹಾಕಿದ ಕವಳ; ಹೊಸ ಅಡಿಕೆ, ಖಾರದ ತಂಬಾಕು. ಹಣೆ ಬೆವರುತ್ತಿತ್ತು, ನಾಡಿ ಓಡುತ್ತಿದ್ದಿರಬೇಕು. ಸ್ವಲ್ಪ ಹೊತ್ತಿಗೆ ಗಡಿಯಾರ ಕೆಂಪಾಯಿತು.

ಹುಟ್ಟಿದ ಮೇಲೆ ತಲೆನೋವು ಕಾಣದ ಮನುಷ್ಯ ಕವಳ ಉಗಿದು ಬಂದು ಹಣೆ ಹಿಡಿದುಕೊಂಡರು. "ಹೌದೇ... ಎಂತೋ ಹಿಡದಾಂಗೆ ಆಗ್ತಾ ಇದ್ದು."

"ಅಯ್ಯೋ ಮಾಣಿ, ಸುಮ್ನೆ ಮಲಕ್ಯ!" ಅತ್ತೆ ಸೆರಗಿನಿಂದ ಗಾಳಿ ಹಾಕತೊಡಗಿದರು.

ಕಂಬದ ಈಚೆ ನಿಜವಾದ ನೋವು, ಆಚೆ ಅದರ ಸುದ್ದಿ. ಗಾಳಿಯೆಲ್ಲ ಆಚೆಗೇ. ತುಸು ಹೊತ್ತಾದ ಮೇಲೆ ನನ್ನವರು ಕಣ್ಣು ಮುಚ್ಚಿಕೊಂಡೇ, ಬಹಳ ಮೆಲ್ಲಗೆ ಕೇಳಿದರು: "ನಿಂಗೆ ಯಾವಾಗ್ಲೂ ಹಿಂಗೇ ಆಗ್ತನೇ?"

ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ. ಅದು ಕವಳದ ಬೆವರೆಂದು ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ. ನನ್ನನ್ನು ನಂಬುವವರು ಇಷ್ಟು ಕಷ್ಟಪಟ್ಟು ಸಿಕ್ಕಿರುವಾಗ, ಗುಣಪಡಿಸಿ ಕಳೆದುಕೊಳ್ಳುವುದೇ?

"ಹ್ಞೂಂ," ಎಂದೆ, "ಗಂಟೆ ಬಾರಿಸಿದ್ರೆ ಇನ್ನೂ ಜೋರಾಗ್ತು."